ಅಕಿ ಜಿಗದಾಳ, ನಾನೂ ಜಿಗೀತೀನ್ರಿ

ಬೀದರ್ ಜಿಲ್ಲೆಯ ನಿರ್ಣಾ ಸುತ್ತಿನ ಹಳ್ಳಿಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕ ಅಂದರೆ ‘ಪಿ.ಟಿ. ಸರ್’. ನಾನೂ ಅಂಥವನೊಬ್ಬ. ಮಳೆಗಾಲದಲ್ಲಿ ವಲಯ, ತಾಲ್ಲೂಕು, ಜಿಲ್ಲೆ ಎಂದು ಕ್ರೀಡಾಕೂಟಗಳು ಸಾಲುಗಟ್ಟಿದಾಗ ಎಲ್ಲರೂ ಕೇಳುವುದು ಒಂದೇ ಮಾತು: “ಈ ಸಲ ಎಷ್ಟು ಮಂದಿ ಸೆಲೆಕ್ಟ್ ಆಗ್ಯಾರ್ರಿ ಸರ್?” ಮೈದಾನದ ಅಂಚಿಗೆ ಬೇವಿನ ಗಿಡದ ಬುಡದಲ್ಲಿ ಕುಳಿತೇ ಆಟದ ಪೀರಿಯಡ್ ಕಳೆಯುವ ಮಕ್ಕಳ ಬಗ್ಗೆ ಯಾರೂ ಕೇಳುವುದಿಲ್ಲ. ನಾನು ಇಲ್ಲಿ ಬರೆಯುತ್ತಿರುವುದು ಅವರ ಬಗ್ಗೆ.

ಅವರು ಮೈಗಳ್ಳರಲ್ಲ. ರಜೆ ಬಂದರೆ ಸೋಯಾ, ತೊಗರಿ ಹೊಲದಲ್ಲಿ ದಿನವಿಡೀ ದುಡಿಯುತ್ತಾರೆ. ಮೈದಾನಕ್ಕೆ ಕರೆದರೆ ಮಾತ್ರ “ನಂಗ ಬರಲ್ರಿ ಸರ್” ಅನ್ನುತ್ತಾರೆ. ನಾಲ್ಕು ಜನರೆದುರು ಬಿದ್ದರೆ ನಗುತ್ತಾರೆಂಬ ಹೆದರಿಕೆ ಅವರಿಗೆ.

ಎತ್ತರ ಜಿಗಿತ ಕಲಿಸುವಾಗ ಸಾಮಾನ್ಯವಾಗಿ ಶಾಲೆಯ ಅತಿ ಚೆನ್ನಾಗಿ ಜಿಗಿಯುವ ಹುಡುಗನನ್ನು ಮುಂದೆ ನಿಲ್ಲಿಸಿ, “ನೋಡ್ರಿ, ಹಿಂಗ ಜಿಗೀಬೇಕು” ಎನ್ನುತ್ತೇವೆ. ಅವನು ಹಗ್ಗವನ್ನು ಲೀಲಾಜಾಲವಾಗಿ ದಾಟುತ್ತಾನೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಗಿಡದ ಕೆಳಗಿನವರು ಅಲ್ಲಿಂದ ಏಳುವುದಿಲ್ಲ. ಅವನೇ ಬೇರೆ, ತಾವೇ ಬೇರೆ ಎಂದು ಅವರು ಮೊದಲೇ ತೀರ್ಮಾನಿಸಿದ್ದಾರೆ. ನಾನು ಕರೆಯುವುದು ಹೋದ ವಾರ ಹಗ್ಗಕ್ಕೆ ಕಾಲು ತಾಗಿಸಿ ಬಿದ್ದು, ಈ ವಾರ ಹೇಗೋ ದಾಟಲು ಕಲಿತ ಹುಡುಗಿಯನ್ನು. ಅವಳು ಒಮ್ಮೆ ತಪ್ಪಿ, ಮತ್ತೆ ಓಡಿ ಬಂದು ಜಿಗಿಯುತ್ತಾಳೆ. “ಮೊದಲ ನಂಗೂ ಕಾಲು ತಾಗ್ತಿತ್ತು. ಕಡೀ ಹೆಜ್ಜಿ ಜೋರ ಇಡು” ಎಂದು ಗೆಳತಿಗೆ ಹೇಳಿಕೊಡುತ್ತಾಳೆ. ಆಗ ಗಿಡದ ಕೆಳಗಿಂದ ಒಬ್ಬಳು ಎದ್ದು ಬರುತ್ತಾಳೆ: “ಅಕಿ ಜಿಗದಾಳ, ನಾನೂ ಜಿಗೀತೀನ್ರಿ.”

ಕೆನಡಾದ ಹಳ್ಳಿಯೊಂದರಲ್ಲಿ 1925ರಲ್ಲಿ ಹುಟ್ಟಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಹೀಗೆ ಇನ್ನೊಬ್ಬರನ್ನು ನೋಡಿ ಕಲಿಯುವುದನ್ನೇ ಜೀವನವಿಡೀ ಅಧ್ಯಯನ ಮಾಡಿದರು. ದೊಡ್ಡವರು ಗೊಂಬೆಯೊಂದನ್ನು ಹೊಡೆಯುವುದನ್ನು ಕಂಡ ಮಕ್ಕಳು, ಯಾರೂ ಹೇಳದಿದ್ದರೂ ಹಾಗೆಯೇ ಹೊಡೆದದ್ದನ್ನು ಅವರ 1961ರ ಪ್ರಯೋಗ ತೋರಿಸಿತು. ನೋಡಿದ್ದು ಕಲಿಕೆಯಾಗಲು ನಾಲ್ಕು ಸಂಗತಿ ಕೂಡಿಬರಬೇಕು ಎಂದರು ಅವರು: ಗಮನವಿಟ್ಟು ನೋಡಬೇಕು, ನೆನಪಿನಲ್ಲಿ ಉಳಿಯಬೇಕು, ಮೈಗೆ ಅದನ್ನು ಮಾಡುವ ಶಕ್ತಿ ಇರಬೇಕು, ಮಾಡುವ ಮನಸ್ಸೂ ಬರಬೇಕು. ‘ನನ್ನ ಕೈಲಾಗುತ್ತದೆ’ ಎಂಬ ನಂಬಿಕೆ ಎಲ್ಲಕ್ಕಿಂತ ಹೆಚ್ಚಾಗಿ ಹುಟ್ಟುವುದು ಸ್ವತಃ ಮಾಡಿ ಗೆದ್ದಾಗ. ತನ್ನಂಥವರು ಗೆದ್ದದ್ದನ್ನು ಕಂಡಾಗಲೂ ಹುಟ್ಟುತ್ತದೆ. ಶಿಕ್ಷಕನ ಶಹಬ್ಬಾಸ್‌ಗಿರಿಯ ಬಲ ಅಷ್ಟಿಲ್ಲ. ನೀರಿಗೆ ಹೆದರುವ ಮಕ್ಕಳ ಮೇಲೆ ಮಾರೀನ್ ವೈಸ್ ಮತ್ತು ಸಂಗಡಿಗರು ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ತಮ್ಮಂತೆಯೇ ಹೆದರಿ ನಿಧಾನಕ್ಕೆ ಈಜು ಕಲಿತ ಮಗುವನ್ನು ಕಂಡವರಲ್ಲಿ ಈ ನಂಬಿಕೆ ಹೆಚ್ಚು ಬೆಳೆಯಿತು.

ನಮ್ಮ ಕುಸ್ತಿಯ ತಾಲೀಮುಗಳಿಗೆ ಇದು ಹೊಸದಲ್ಲ. ಅಲ್ಲಿ ಸಣ್ಣ ಹುಡುಗ ಪಟ್ಟು ಕಲಿಯುವುದು ಹೆಸರಾಂತ ಪೈಲ್ವಾನನಿಗಿಂತ ಹೆಚ್ಚಾಗಿ ತನಗಿಂತ ಎರಡು ವರ್ಷ ದೊಡ್ಡವನಿಂದ. ಜಾತ್ರೆಯ ಕುಸ್ತಿಯೂ ತೆಂಗಿನಕಾಯಿಗಾಗಿ ಹಿಡಿಯುವ ಪುಟ್ಟ ಹುಡುಗರಿಂದ ಶುರುವಾಗಿ ಬೆಳ್ಳಿ ಕಡಗದವರೆಗೆ ಏರುತ್ತದೆ. ಪ್ರತಿ ಹುಡುಗನಿಗೂ ಮುಂದಿನ ಮೆಟ್ಟಿಲಲ್ಲಿ ಒಬ್ಬ ಕಾಣುತ್ತಿರುತ್ತಾನೆ.

ಹುಡುಗಿಯರಿಗೆ ಅಂಥ ತಾಲೀಮು ಇರಲಿಲ್ಲ. ಎಂಟನೆಯ ತರಗತಿಗೆ ಬರುತ್ತಲೇ ಅವರು ಮೈದಾನದಿಂದ ಹಿಂದೆ ಸರಿಯುವುದು ನನ್ನನ್ನು ಬಹಳ ಕಾಡುತ್ತದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಆ ತಂಡದ ಫೋಟೊ ತೋರಿಸಿದಾಗ ನಮ್ಮ ಹುಡುಗಿಯರಿಗೆ ಹೆಮ್ಮೆಯಾಯಿತು, ನಿಜ. ಆದರೆ ಅವರನ್ನು ಖೋ-ಖೋ ಚೌಕದಲ್ಲಿ ತಂದು ಕೂರಿಸಿದ್ದು ತಮ್ಮದೇ ಓಣಿಯ ಹತ್ತನೆಯ ತರಗತಿಯ ಅಕ್ಕ. ಅವಳು ಆಡುತ್ತಾಳೆ ಎಂದ ಮೇಲೆ ಮನೆಯಲ್ಲಿ ಅವ್ವನೂ ಬೇಡ ಅನ್ನುವುದಿಲ್ಲ. ಖೋ-ಖೋದಲ್ಲಿ ಬೆನ್ನಟ್ಟುವ ತಂಡದ ಎಂಟು ಮಂದಿ ಸಾಲಾಗಿ ಕೂತಿದ್ದರೂ ಕಣ್ಣು ಓಟದ ಮೇಲೇ ಇಡಬೇಕು. ನೋಡಿ ಕಲಿಯಲು ಅದಕ್ಕಿಂತ ಒಳ್ಳೆಯ ಆಟ ನನಗೆ ಗೊತ್ತಿಲ್ಲ. ಕನ್ನಡ, ಮರಾಠಿ, ಉರ್ದು ಮನೆಮಾತಿನ ಮಕ್ಕಳು ಒಂದೇ ಅಂಗಳದಲ್ಲಿ ಸೇರುವ ಈ ಸೀಮೆಯಲ್ಲಿ ಅದಕ್ಕೆ ದುಭಾಷಿಯೂ ಬೇಡ.

ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲೇ ಪ್ರತಿ ಶಾಲೆಗೂ ಆಟದ ಮೈದಾನ ಬೇಕೆಂದು ಹೇಳಿತು. ಮೈದಾನವಿದ್ದೂ ಶಿಕ್ಷಕ ಒಬ್ಬನೇ ಇದ್ದರೆ ಮಕ್ಕಳನ್ನು ಜೋಡಿ ಮಾಡುವುದು ಒಳ್ಳೆಯದು. ಒಬ್ಬರು ಜಿಗಿಯಲಿ, ಇನ್ನೊಬ್ಬರು ಕಡೆಯ ಹೆಜ್ಜೆಯೊಂದನ್ನೇ ಗಮನಿಸಿ ಹೇಳಲಿ, ಆಮೇಲೆ ಅದಲು ಬದಲಾಗಲಿ. ಯಾರು ಎಷ್ಟು ಎತ್ತರ ಜಿಗಿದರು ಎಂಬುದರ ಪಕ್ಕದಲ್ಲಿ, ಹೋದ ತಿಂಗಳಿಗಿಂತ ಎಷ್ಟು ಮುಂದೆ ಬಂದರು ಎಂಬ ಕಾಲಂ ಒಂದನ್ನು ನನ್ನ ವಹಿಯಲ್ಲಿ ಗೆರೆ ಎಳೆದು ಸೇರಿಸಿದ್ದೇನೆ. ಆಟದ ಪೀರಿಯಡ್ಡಿಗೆ ಬಂದ ಮಕ್ಕಳು ಮೊದಲು ಕೇಳುವುದು ಆ ಕಾಲಂ ತೋರಿಸಿ ಎಂದೇ.