ಮೋಟಾರು ಸೈಕಲ್ಲನ್ನು ಪರೀಕ್ಷಿಸುವವರು ಯಾರು?

ತುಮಕೂರಿನ ಸತ್ಯಮಂಗಲದಿಂದ ಗುಬ್ಬಿಗೆ ದಿನವೂ ಮೋಟಾರು ಸೈಕಲ್ಲಿನಲ್ಲಿ ಹೋಗಿಬರುವ ಒಬ್ಬ ಸವಾರನನ್ನು ಕಲ್ಪಿಸಿಕೊಳ್ಳೋಣ. ಹೋಗುವ ಬರುವ ದಾರಿ ಸೇರಿ ಸುಮಾರು 40 ಕಿಲೋಮೀಟರು. ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಸಾಗಿದರೆ ಈ ಪ್ರಯಾಣಕ್ಕೆ 48 ನಿಮಿಷ ಹಿಡಿಯುತ್ತದೆ. ಎಂಜಿನು ನಿಮಿಷಕ್ಕೆ 5,000 ಸುತ್ತು ತಿರುಗುವುದಾದರೆ ಅಷ್ಟರಲ್ಲಿ ಅದು 2,40,000 ಸಲ ತಿರುಗಿರುತ್ತದೆ. ನಾಲ್ಕು ಹೊಡೆತದ ಎಂಜಿನಾದುದರಿಂದ ಎರಡು ಸುತ್ತಿಗೆ ಒಮ್ಮೆಯಂತೆ 1,20,000 ಸಲ ಅದರೊಳಗೆ ಪೆಟ್ರೋಲು ಹೊತ್ತಿ ಉರಿದಿರುತ್ತದೆ. ಚಕ್ರದ ಸುತ್ತಳತೆ 1.9 ಮೀಟರು ಎಂದಿಟ್ಟುಕೊಂಡರೆ ಪ್ರತಿ ಚಕ್ರವೂ 21,000 ಸಲ ಉರುಳಿರುತ್ತದೆ. ಇದು ಒಂದು ದಿನದ ಲೆಕ್ಕ. ವರ್ಷಕ್ಕೆ 300 ದಿನವೆಂದರೆ 12,000 ಕಿಲೋಮೀಟರು.

ಇಷ್ಟು ದುಡಿಯುವ ಯಂತ್ರ ಸವೆಯದೆ ಇರಲಾರದು. ಎಷ್ಟು ಸವೆದಿದೆ, ಇನ್ನೂ ರಸ್ತೆಗೆ ಯೋಗ್ಯವಾಗಿದೆಯೇ ಎಂಬುದನ್ನು ಪರೀಕ್ಷಿಸುವವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ.

ಕಾನೂನು ಏನು ನೋಡುತ್ತದೆ?

1988ರ ಮೋಟಾರು ವಾಹನಗಳ ಕಾಯಿದೆಯ ಪ್ರಕಾರ, ಬಾಡಿಗೆಗೆ ಓಡುವ ವಾಹನಗಳಿಗೆ ಯೋಗ್ಯತಾ ಪ್ರಮಾಣಪತ್ರ ಬೇಕು. ಲಾರಿ, ಬಸ್ಸು, ಟ್ಯಾಕ್ಸಿಗಳು ಮೊದಲ ಎಂಟು ವರ್ಷ ಎರಡೆರಡು ವರ್ಷಕ್ಕೊಮ್ಮೆ, ಅನಂತರ ವರ್ಷಕ್ಕೊಮ್ಮೆ ತಪಾಸಣೆಗೆ ಒಳಗಾಗಬೇಕು. ಸ್ವಂತ ಬಳಕೆಯ ಮೋಟಾರು ಸೈಕಲ್ಲಿನ ಸಂಗತಿ ಬೇರೆ. ಅದರ ನೋಂದಣಿ 15 ವರ್ಷಗಳವರೆಗೆ ಸಲ್ಲುತ್ತದೆ. ಆ ಅವಧಿ ಮುಗಿದ ಮೇಲೆ ವಾಹನವನ್ನು ತಪಾಸಣೆಗೆ ಒಡ್ಡಿ, ಐದೈದು ವರ್ಷಕ್ಕೆ ನೋಂದಣಿಯನ್ನು ನವೀಕರಿಸಿಕೊಳ್ಳಬೇಕು.

ಹಾಗಾದರೆ ನಡುವೆ ಮಾಡಿಸುವ ಹೊಗೆ ತಪಾಸಣೆ, ಅಂದರೆ ಜನ ‘ಎಮಿಷನ್ ಟೆಸ್ಟ್’ ಎಂದು ಕರೆಯುವ ಪರೀಕ್ಷೆ, ಯಾವುದಕ್ಕೆ? ನೋಂದಣಿಯಾದ ಒಂದು ವರ್ಷದ ಮೇಲೆ ಈ ಪ್ರಮಾಣಪತ್ರ ಕಡ್ಡಾಯವಾಗುತ್ತದೆ. ಹಳೆಯ ವಾಹನಗಳಿಗೆ ಅದರ ಅವಧಿ ಆರು ತಿಂಗಳು. ಭಾರತ್ ಸ್ಟೇಜ್ 4 ಮತ್ತು 6ರ ಮಾನದಂಡದ ವಾಹನಗಳಿಗೆ ಒಂದು ವರ್ಷ. ಎಂಜಿನು ನಿಂತಲ್ಲೇ ನಿಧಾನವಾಗಿ ಓಡುತ್ತಿರುವಾಗ ಸೈಲೆನ್ಸರಿನೊಳಗೆ ಒಂದು ನಳಿಗೆಯನ್ನಿಟ್ಟು ಹೊಗೆಯನ್ನು ಎಳೆದುಕೊಳ್ಳುತ್ತಾರೆ. ಅದರ ಮೂಲಕ ಅವರಕ್ತ ಕಿರಣಗಳನ್ನು ಹಾಯಿಸುತ್ತಾರೆ. ಕಾರ್ಬನ್ ಮಾನಾಕ್ಸೈಡ್ ತನಗೆ ಒಗ್ಗಿದ ಕಿರಣಗಳನ್ನು ಹೀರಿಕೊಳ್ಳುತ್ತದೆ. ಎಷ್ಟು ಹೀರಿತು ಎಂಬುದರಿಂದ ಅನಿಲದ ಪ್ರಮಾಣ ತಿಳಿಯುತ್ತದೆ. ಇದು ಸೊಗಸಾದ ವಿಧಾನ. ಆದರೆ ಇಲ್ಲಿ ಅಳೆಯುವುದು ಹೊಗೆಯನ್ನು ಮಾತ್ರ. ಬ್ರೇಕು ಪೂರ್ತಿ ಸವೆದ ವಾಹನವೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಬಲ್ಲದು.

ಬೇರೆ ಕೆಲವು ದೇಶಗಳ ಪದ್ಧತಿ ಹೀಗಿಲ್ಲ. ಬ್ರಿಟನ್ನಿನಲ್ಲಿ 1960ರಲ್ಲಿ ಹತ್ತು ವರ್ಷ ಮೀರಿದ ವಾಹನಗಳಿಗೆ ವಾರ್ಷಿಕ ತಪಾಸಣೆ ಆರಂಭವಾಯಿತು. ಇಂದು ಅಲ್ಲಿ ಮೂರು ವರ್ಷ ತುಂಬಿದ ಮೋಟಾರು ಸೈಕಲ್ಲು ಪ್ರತಿ ವರ್ಷವೂ ಪರೀಕ್ಷೆಗೆ ಹೋಗಬೇಕು. ಜರ್ಮನಿಯಲ್ಲಿ ಎರಡು ವರ್ಷಕ್ಕೊಮ್ಮೆ. ನಮ್ಮಲ್ಲಾದರೋ ಹದಿನೈದು ವರ್ಷಗಳ ಕಾಲ ಬ್ರೇಕು, ಟೈರು, ಚೈನುಗಳನ್ನು ನೋಡಿಕೊಳ್ಳಬೇಕಾದವನು ಒಡೆಯನೇ. 2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಮಡಿದರು. ಅವರಲ್ಲಿ ಶೇಕಡ 44.5ರಷ್ಟು ಮಂದಿ ದ್ವಿಚಕ್ರ ವಾಹನಗಳ ಮೇಲಿದ್ದವರು. ಎಲ್ಲ ಅಪಘಾತಗಳಿಗೂ ಯಂತ್ರದ ದೋಷವೇ ಕಾರಣವಲ್ಲ ಎಂಬುದು ನಿಜ. ಆದರೆ ಆಪತ್ತಿನ ಕ್ಷಣದಲ್ಲಿ ಸವಾರನನ್ನು ಉಳಿಸಬೇಕಾದುದು ಬ್ರೇಕು ಮತ್ತು ಟೈರು ಎಂಬುದೂ ಅಷ್ಟೇ ನಿಜ.

ಮೈಸೂರಿನ ಜಾವಾ ಕಲಿಸಿದ ಪಾಠ

ಒಡೆಯನೇ ತನ್ನ ವಾಹನವನ್ನು ಬಿಚ್ಚಿ ಸರಿಪಡಿಸಿಕೊಳ್ಳುವ ರೂಢಿ ನಮ್ಮ ನಾಡಿಗೆ ಹೊಸದಲ್ಲ. 1961ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಆರಂಭವಾಯಿತು. ಜೆಕೊಸ್ಲೊವಾಕಿಯದ ಜಾವಾ ಮೋಟಾರು ಸೈಕಲ್ಲುಗಳನ್ನು ಪರವಾನಗಿ ಪಡೆದು ತಯಾರಿಸುತ್ತಿದ್ದ ಈ ಕಾರ್ಖಾನೆ 1970ರ ದಶಕದಿಂದ ‘ಯೆಜ್ಡಿ’ ಎಂಬ ಹೆಸರಿನಲ್ಲಿ ವಾಹನಗಳನ್ನು ಹೊರತಂದಿತು, 1996ರಲ್ಲಿ ಮುಚ್ಚಿಹೋಯಿತು. ಕೊಳವೆಯ ವ್ಯಾಸ 65 ಮಿಲಿಮೀಟರು, ಕೊಂತದ ಓಟ 75 ಮಿಲಿಮೀಟರು. ಎರಡು ಹೊಡೆತದ ಸರಳ ಎಂಜಿನು. ಎಂಜಿನನ್ನು ಒದ್ದು ಚಾಲೂ ಮಾಡುವ ಸನ್ನೆಯೇ ಗೇರು ಬದಲಿಸುವ ಸನ್ನೆಯೂ ಆಗುತ್ತಿದ್ದುದು ಜಾವಾದ ವಿಶೇಷ.

ಆ ಕಾಲದ ಸವಾರನಿಗೆ ಪ್ಲಗ್ಗನ್ನು ಬಿಚ್ಚಿ ಮಸಿ ಕೆರೆಯುವುದು, ಪಾಯಿಂಟುಗಳ ನಡುವಣ ಸಂದನ್ನು ಸರಿಪಡಿಸುವುದು, ಕಾರ್ಬ್ಯುರೇಟರನ್ನು ತೊಳೆಯುವುದು ಮನೆಗೆಲಸವೇ ಆಗಿತ್ತು. ಇಂದು ಆ ಸ್ಥಿತಿ ಇಲ್ಲ. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಮಾನದಂಡ ಜಾರಿಗೆ ಬಂದ ಮೇಲೆ ಬಹುತೇಕ ಹೊಸ ಮೋಟಾರು ಸೈಕಲ್ಲುಗಳಲ್ಲಿ ಕಾರ್ಬ್ಯುರೇಟರು ಮರೆಯಾಗಿ, ಪೆಟ್ರೋಲನ್ನು ಅಳೆದು ಸಿಂಪಡಿಸುವ ವಿದ್ಯುನ್ಮಾನ ವ್ಯವಸ್ಥೆ ಬಂದಿದೆ. ಎಂಜಿನಿನ ಒಳಗುಟ್ಟು ಒಡೆಯನ ಕೈಯಿಂದ ಜಾರಿಹೋಗಿದೆ ಎನ್ನಬಹುದು. ಆದರೆ ಪ್ರಾಣವನ್ನು ಕಾಯುವ ಭಾಗಗಳಾದ ಬ್ರೇಕು, ಟೈರು, ಚೈನುಗಳು ಇಂದಿಗೂ ಕಣ್ಣಿಗೆ ಕಾಣುವಂತೆ, ಕೈಗೆ ಸಿಗುವಂತೆ ಹೊರಗೇ ಇವೆ. ಅವುಗಳ ಕಡೆಗೆ ತಿರುಗೋಣ.

ಬ್ರೇಕು: ಚಲನೆಯನ್ನು ಶಾಖವಾಗಿಸುವ ಯಂತ್ರ

ವಾಹನ ಮತ್ತು ಇಬ್ಬರು ಸವಾರರ ತೂಕ ಒಟ್ಟು 250 ಕಿಲೋಗ್ರಾಂ, ವೇಗ ಗಂಟೆಗೆ 54 ಕಿಲೋಮೀಟರು, ಅಂದರೆ ಸೆಕೆಂಡಿಗೆ 15 ಮೀಟರು ಎಂದು ಭಾವಿಸೋಣ. ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಚಲನಶಕ್ತಿ ದೊರೆಯುತ್ತದೆ: ಸುಮಾರು 28,000 ಜೌಲ್. ಒಂದು ಸಣ್ಣ ಲೋಟದ 100 ಮಿಲಿಲೀಟರು ನೀರನ್ನು 25 ಡಿಗ್ರಿಯಿಂದ 90 ಡಿಗ್ರಿಗೆ ಏರಿಸಲು ಇಷ್ಟು ಶಕ್ತಿ ಸಾಕು. ವಾಹನ ನಿಲ್ಲುವ ಎರಡು ಮೂರು ಸೆಕೆಂಡುಗಳಲ್ಲಿ ಈ ಶಕ್ತಿಯ ಬಹುಭಾಗ ಬ್ರೇಕಿನಲ್ಲಿ ಶಾಖವಾಗಿ ಮಾರ್ಪಡಬೇಕು. ಪ್ರತಿ ಸಲವೂ ಲೈನರಿನ ಒಂದಿಷ್ಟು ಭಾಗ ತೇದು ಪುಡಿಯಾಗುವುದು ಆದುದರಿಂದಲೇ.

ಎರಡು ಬ್ರೇಕುಗಳನ್ನೂ ಚೆನ್ನಾಗಿ ಹಿಡಿದಾಗ ವೇಗವು ಸೆಕೆಂಡಿಗೆ 6 ಮೀಟರಿನಂತೆ ಇಳಿಯುವುದಾದರೆ ವಾಹನ ಸುಮಾರು 19 ಮೀಟರಿನಲ್ಲಿ ನಿಲ್ಲುತ್ತದೆ. ಬ್ರೇಕಿನ ಬಲ ಅರ್ಧಕ್ಕೆ ಇಳಿದಿದ್ದರೆ ಸುಮಾರು 38 ಮೀಟರು ಬೇಕು. ಅಪಾಯವನ್ನು ಕಂಡು ಬ್ರೇಕು ಹಿಡಿಯುವಷ್ಟರಲ್ಲಿ ಕಳೆಯುವ ಒಂದು ಸೆಕೆಂಡಿನ 15 ಮೀಟರು ಇದಕ್ಕೆ ಸೇರುತ್ತದೆ. ಸುಗ್ಗಿಯ ಕಾಲದಲ್ಲಿ ನಮ್ಮ ಹಳ್ಳಿಗಳ ರಸ್ತೆಯ ಮೇಲೆಯೇ ರಾಗಿ, ಹುರುಳಿಗಳನ್ನು ಹರವಿ ಒಕ್ಕಣೆ ಮಾಡುವುದುಂಟು. ಆ ಹುಲ್ಲಿನ ಮೇಲೆ ಘರ್ಷಣೆ ಕುಗ್ಗಿ, ವೇಗ ಸೆಕೆಂಡಿಗೆ 2 ಮೀಟರಿನಂತೆ ಮಾತ್ರ ಇಳಿಯುವುದಾದರೆ ನಿಲ್ಲಲು 56 ಮೀಟರು ಬೇಕಾಗುತ್ತದೆ. ಅಲ್ಲಿ ಬ್ರೇಕನ್ನು ನಂಬದೆ ಮೊದಲೇ ವೇಗ ತಗ್ಗಿಸುವುದೇ ವಿವೇಕ.

ಬ್ರೇಕು ಹಿಡಿದಾಗ ಜಡತ್ವದ ಕಾರಣ ಭಾರವು ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಹಿಂದಿನ ಚಕ್ರ ಹಗುರವಾಗುತ್ತದೆ. ಒಣ ರಸ್ತೆಯಲ್ಲಿ ಮುಂದಿನ ಬ್ರೇಕೇ ಹೆಚ್ಚು ಕೆಲಸ ಮಾಡುವುದು ಇದರಿಂದ. ಮುಂದಿನ ಬ್ರೇಕಿಗೆ ಹೆದರಿ ಹಿಂದಿನದೊಂದನ್ನೇ ಬಳಸುವವರು ತಮ್ಮ ರಕ್ಷಣೆಯ ದೊಡ್ಡ ಪಾಲನ್ನು ಬಿಟ್ಟುಕೊಟ್ಟಂತೆ.

ಮನೆಯಲ್ಲಿ ನೋಡಬೇಕಾದುದು ಇಷ್ಟು. ಡ್ರಮ್ ಬ್ರೇಕುಳ್ಳ ಅನೇಕ ವಾಹನಗಳಲ್ಲಿ ಬ್ರೇಕಿನ ತೋಳಿನ ಬುಡದಲ್ಲಿ ಬಾಣದ ಗುರುತಿರುತ್ತದೆ. ಬ್ರೇಕನ್ನು ಪೂರ್ತಿ ಒತ್ತಿದಾಗ ಬಾಣವು ಡ್ರಮ್ಮಿನ ಮೇಲಿನ ಗುರುತನ್ನು ಮುಟ್ಟಿದರೆ ಲೈನರು ಮುಗಿಯಿತೆಂದು ತಿಳಿಯಬೇಕು. ತಿರುಪನ್ನು ಇನ್ನೂ ಬಿಗಿದು ದಿನ ತಳ್ಳಬಾರದು. ಡಿಸ್ಕ್ ಬ್ರೇಕಿನಲ್ಲಿ ಬಲವನ್ನು ಸಾಗಿಸುವುದು ದ್ರವ. ಈ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಟ್ಟ 140 ಡಿಗ್ರಿಗೆ ಇಳಿಯಬಹುದು. ಕುದಿದರೆ ಆವಿಯ ಗುಳ್ಳೆಗಳೇಳುತ್ತವೆ. ದ್ರವದಂತಲ್ಲದೆ ಗುಳ್ಳೆ ಒತ್ತಿದಷ್ಟೂ ಕುಗ್ಗುತ್ತದೆ. ಸನ್ನೆ ಹಿಡಿಯ ತನಕ ಬಂದರೂ ಬ್ರೇಕು ಹಿಡಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ದ್ರವವನ್ನು ಬದಲಿಸಬೇಕೆಂದು ಬಹಳಷ್ಟು ಕೈಪಿಡಿಗಳು ಹೇಳುವುದು ಈ ಕಾರಣದಿಂದ. ಇನ್ನೊಂದು ಎಚ್ಚರಿಕೆ: ಡ್ರಮ್ಮಿನ ಪುಡಿಯನ್ನು ಬಾಯಿಂದ ಊದಬಾರದು. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಒದ್ದೆ ಬಟ್ಟೆಯಿಂದ ಒರೆಸುವುದು ಲೇಸು.

ಟೈರು: ಅಂಗೈಯಗಲದ ಆಸರೆ

ಓಡುವ ಮೋಟಾರು ಸೈಕಲ್ಲಿಗೂ ಭೂಮಿಗೂ ಇರುವ ಸಂಬಂಧವೆಲ್ಲ ಹೆಚ್ಚುಕಡಿಮೆ ಅಂಗೈಯಗಲದ ಎರಡು ತೇಪೆಗಳಲ್ಲಿ ಅಡಗಿದೆ. ಟೈರಿನ ಮೇಲಿನ ಗೆರೆಗಳು ಅಲಂಕಾರಕ್ಕಲ್ಲ. ಮಳೆಯ ನೀರು ಹರಿದುಹೋಗಲು ಮಾಡಿದ ಕಾಲುವೆಗಳು. ದ್ವಿಚಕ್ರ ವಾಹನದ ಟೈರಿನಲ್ಲಿ ಈ ಕಾಲುವೆಯ ಆಳ 0.8 ಮಿಲಿಮೀಟರಿಗಿಂತ ಕಡಿಮೆಯಾಗಕೂಡದೆಂದು ಕೇಂದ್ರ ಮೋಟಾರು ವಾಹನಗಳ ನಿಯಮ ವಿಧಿಸಿದೆ. ಅಳೆಯಲು ಉಪಕರಣ ಬೇಕಿಲ್ಲ. ಗೆರೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಣ್ಣೆಗಳನ್ನು ಕಟ್ಟಿರುತ್ತಾರೆ. ಟೈರಿನ ಮೈ ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಟೈರು ಬದಲಿಸುವ ಕಾಲ ಬಂದಿತು.

ಗಾಳಿಯನ್ನು ಟೈರು ತಣ್ಣಗಿರುವಾಗಲೇ ಅಳೆಯಬೇಕೆನ್ನುವುದು ಏಕೆ? ಅನಿಲದ ಒತ್ತಡ ಅದರ ನಿರಪೇಕ್ಷ ತಾಪಕ್ಕೆ ಅನುಗುಣವಾಗಿ ಏರುತ್ತದೆಂದು ವಾಚಕರು ತರಗತಿಯಲ್ಲಿ ಓದಿರುತ್ತಾರೆ. 27 ಡಿಗ್ರಿಯಲ್ಲಿ ಮಾಪಕ 29 ಪೌಂಡು ತೋರಿಸಿದರೆ, ವಾಯುಮಂಡಲದ 14.7 ಸೇರಿ ನಿಜವಾದ ಒತ್ತಡ 43.7. ಓಡಿ ಬಿಸಿಯಾಗಿ 57 ಡಿಗ್ರಿಯಾದಾಗ 300 ಕೆಲ್ವಿನ್ 330 ಆಗುತ್ತದೆ, ಒತ್ತಡ ಹತ್ತನೆಯ ಒಂದು ಪಾಲು ಏರಿ ಸುಮಾರು 48, ಮಾಪಕದಲ್ಲಿ 33. ಗಾಳಿ ಹೆಚ್ಚಾಯಿತೆಂದು ಆಗ ಇಳಿಸಿದರೆ ತಣಿದ ಮೇಲೆ ಕಡಿಮೆಯಾಗಿಬಿಡುತ್ತದೆ. ಗಾಳಿ ಕಡಿಮೆಯಾದ ಟೈರು ಹೆಚ್ಚು ಬಾಗಿ, ಹೆಚ್ಚು ಬಿಸಿಯಾಗಿ, ಬೇಗ ಹಾಳಾಗುತ್ತದೆ.

ಚೈನು ನಿಜವಾಗಿ ಹಿಗ್ಗುವುದಿಲ್ಲ

ಇಂದಿನ ಚೈನಿನ ಮೂಲರೂಪವನ್ನು 1880ರಲ್ಲಿ ಹ್ಯಾನ್ಸ್ ರೆನೋಲ್ಡ್ ರೂಪಿಸಿದನು. ಹಳೆಯ ಚೈನು ‘ಹಿಗ್ಗಿದೆ’ ಎನ್ನುವುದು ರೂಢಿ. ಉಕ್ಕು ಹಿಗ್ಗಿರುವುದಿಲ್ಲ, ಕೊಂಡಿಗಳ ಮೊಳೆಗಳು ಸವೆದಿರುತ್ತವೆ. ನೂರು ಕೊಂಡಿಗಳ ಚೈನಿನಲ್ಲಿ ಒಂದೊಂದು ಮೊಳೆಯ ಬಳಿ ಕೂದಲೆಳೆಯಷ್ಟು, ಅಂದರೆ 0.1 ಮಿಲಿಮೀಟರು ಸವೆದರೂ ಒಟ್ಟು ಉದ್ದ 10 ಮಿಲಿಮೀಟರು ಹೆಚ್ಚುತ್ತದೆ. ಸಡಿಲವಾದ ಚೈನು ಹಲ್ಲು ಜಾರಿ ಕಳಚಿ, ಹಿಂದಿನ ಚಕ್ರವನ್ನು ಥಟ್ಟನೆ ಕಟ್ಟಿಹಾಕಬಲ್ಲದು. ಅತಿ ಬಿಗಿಯಾದರೆ ಬೇರಿಂಗುಗಳು ಹಾಳು. ನಡುಭಾಗವನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ, ಕೈಪಿಡಿ ಹೇಳಿದ ಅಳತೆ ಇದೆಯೇ ಎಂದು ನೋಡಬೇಕು. ಚೈನನ್ನು ಒರೆಸುವಾಗ ಎಂಜಿನು ನಿಂತಿರಲೇಬೇಕು. ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು. ಓಡುವ ಚೈನಿಗೂ ಹಲ್ಲುಚಕ್ರಕ್ಕೂ ನಡುವೆ ಸಿಕ್ಕಿದ ಬೆರಳು ಉಳಿಯುವುದಿಲ್ಲ.

ಕಡ್ಡಿಗಳುಳ್ಳ ಚಕ್ರವಾದರೆ ಸ್ಪ್ಯಾನರಿನಿಂದ ಒಂದೊಂದು ಕಡ್ಡಿಯನ್ನೂ ಮೆಲ್ಲನೆ ತಟ್ಟಬೇಕು. ಬಿಗಿಯಾದ ತಂತಿ ವೀಣೆಯಲ್ಲಿ ಹೇಗೋ ಇಲ್ಲಿಯೂ ಹಾಗೆಯೇ ಸ್ಪಷ್ಟ ನಾದ ಕೊಡುತ್ತದೆ. ಸಡಿಲವಾದುದು ಮಂಕಾಗಿ ಸದ್ದು ಮಾಡುತ್ತದೆ.

ಎಲ್ಲಿ ಕೈ ತಡೆಯಬೇಕು?

ಪರೀಕ್ಷಿಸುವುದು ಬೇರೆ, ರಿಪೇರಿ ಮಾಡುವುದು ಬೇರೆ. ಚೈನು ಒರೆಸಿ ಎಣ್ಣೆ ಹಾಕುವುದು, ಗಾಳಿ ತುಂಬಿಸುವುದು, ದೀಪದ ಬಲ್ಬು ಬದಲಿಸುವುದು, ಬ್ರೇಕು ಪೆಡಲಿನ ಸಡಿಲನ್ನು ಸರಿಪಡಿಸುವುದು ಮನೆಯಲ್ಲಿ ಆಗತಕ್ಕ ಕೆಲಸಗಳು. ಡಿಸ್ಕಿನ ಕೊಳವೆ, ಎ.ಬಿ.ಎಸ್. ವ್ಯವಸ್ಥೆ, ಮುಂದಿನ ಫೋರ್ಕು, ಚೌಕಟ್ಟಿನ ಬೆಸುಗೆ ಇವು ನುರಿತ ಮೆಕ್ಯಾನಿಕ್ಕಿಗೆ ಸೇರಿದವು. ಸೈಲೆನ್ಸರನ್ನು ಕತ್ತರಿಸುವುದು, ವಾಹನದ ಮೂಲರೂಪವನ್ನು ಮನಬಂದಂತೆ ಬದಲಿಸುವುದು ಕಾಯಿದೆಗೂ ವಿರುದ್ಧ. ಬ್ರೇಕನ್ನಾಗಲಿ ಚಕ್ರವನ್ನಾಗಲಿ ಮುಟ್ಟಿದ ಮೇಲೆ, ಹೆದ್ದಾರಿಗೆ ಹೋಗುವ ಮೊದಲು, ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ಓಡಿಸಿ ನಿಲ್ಲಿಸಿ ನೋಡುವುದು ತಪ್ಪಬಾರದ ನಿಯಮ.

ಗೇರುಳ್ಳ ಮೋಟಾರು ಸೈಕಲ್ಲನ್ನು 18 ವರ್ಷ ತುಂಬದವರು ಓಡಿಸುವಂತಿಲ್ಲ. ಆದರೆ ಮನೆಯ ವಾಹನವನ್ನು ಪರೀಕ್ಷಿಸಲು ವಯಸ್ಸಿನ ಅಡ್ಡಿಯಿಲ್ಲ. ಪ್ರೌಢಶಾಲೆಯ ವಿದ್ಯಾರ್ಥಿಯೂ ಭಾನುವಾರದ ಅರ್ಧ ಗಂಟೆಯಲ್ಲಿ ಈ ಕೆಲಸವನ್ನೆಲ್ಲ ಮುಗಿಸಬಹುದು. ಒಂದು ನೋಟುಬುಕ್ಕಿನಲ್ಲಿ ತಾರೀಖು, ಓಡಿದ ಕಿಲೋಮೀಟರು, ಗಾಳಿಯ ಒತ್ತಡ, ಚೈನಿನ ಸಡಿಲು, ಬ್ರೇಕಿನ ಬಾಣ ನಿಂತ ಸ್ಥಳ ಇಷ್ಟನ್ನು ಬರೆದಿಟ್ಟರೆ ಸಾಕು. ಆರು ತಿಂಗಳ ಬಳಿಕ ಆ ಪುಟಗಳನ್ನು ತಿರುವಿದರೆ ಯಾವ ಭಾಗ ಎಷ್ಟು ಬೇಗ ಸವೆಯುತ್ತಿದೆ ಎಂಬುದು ತಾನೇ ತೋರುತ್ತದೆ. ತಂದೆಗೋ ಅಣ್ಣನಿಗೋ “ಹಿಂದಿನ ಲೈನರು ಮುಂದಿನ ತಿಂಗಳು ಮುಗಿಯುತ್ತದೆ” ಎಂದು ಅಂಕಿಗಳನ್ನು ತೋರಿಸಿ ಹೇಳಬಲ್ಲ ಹುಡುಗನೂ ಹುಡುಗಿಯೂ ಆ ಮನೆಯ ಮೋಟಾರು ವಾಹನ ನಿರೀಕ್ಷಕರೇ ಸರಿ.