ಕಲ್ಲಿದ್ದಲಿನ ಒಳಕಟ್ಟು

ಕಲ್ಲಿದ್ದಲೆಂದರೆ ಕರಿಯ ಕಲ್ಲು; ಅದರಲ್ಲಿ ನೋಡುವುದೇನಿದೆ ಎಂದು ನೀವು ಕೇಳಬಹುದು. ಗಣಿಯಿಂದ ಬಂದ ಒಂದು ಹೆಂಟೆಯನ್ನು ಬಿಸಿಲಿಗೆ ಹಿಡಿದರೆ, ಹೊಳೆಯುವ ಪಟ್ಟೆಗಳೂ ಮಂಕಾದ ಪಟ್ಟೆಗಳೂ ಒಂದರ ಮೇಲೊಂದು ಅಡಕವಾಗಿರುವುದು ಸಾಮಾನ್ಯವಾಗಿ ಕಾಣುತ್ತದೆ. 1919ರಲ್ಲಿ ಮೇರಿ ಸ್ಟೋಪ್ಸ್ ಎಂಬ ಬ್ರಿಟಿಷ್ ಸಸ್ಯವಿಜ್ಞಾನಿ ಇವನ್ನು ನಾಲ್ಕು ಬಗೆಯಾಗಿ ವಿಂಗಡಿಸಿ ಹೆಸರಿಟ್ಟರು.

ಗಾಜಿನಂತೆ ಮಿರುಗುವುದು ವಿಟ್ರೇನ್. ಪೆಟ್ಟು ಬಿದ್ದರೆ ಚೂರುಚೂರಾಗುತ್ತದೆ. ರೇಷ್ಮೆಯಂಥ ಹೊಳಪುಳ್ಳದ್ದು ಕ್ಲಾರೇನ್. ಮಂಕಾಗಿರುವ ಡ್ಯುರೇನ್ ಬಲು ಗಟ್ಟಿ; ದೊಡ್ಡ ಹೆಂಟೆಗಳಾಗಿಯೇ ಒಡೆಯುತ್ತದೆ. ನಾಲ್ಕನೆಯದು ಫ್ಯೂಸೇನ್. ಇಸ್ತ್ರಿ ಪೆಟ್ಟಿಗೆಯ ಇದ್ದಲನ್ನು ಹೋಲುವ ಇದು ಮುಟ್ಟಿದರೆ ಸಾಕು, ಪುಡಿಯಾಗಿ ಬೆರಳಿಗೆ ಮಸಿ ಬಳಿಯುತ್ತದೆ.

ಒಂದೇ ಹೆಂಟೆಯಲ್ಲಿ ಇಷ್ಟು ಭೇದವೇಕೆ? ವಿಜ್ಞಾನಿಗಳು ಕಲ್ಲಿದ್ದಲನ್ನು ಕನ್ನಡಿಯಂತೆ ನಯಗೊಳಿಸಿ, ಅದರ ಮೇಲೊಂದು ಹನಿ ಎಣ್ಣೆಯಿಟ್ಟು, ಮರಳಿ ಬರುವ ಬೆಳಕಿನಲ್ಲಿ ಸೂಕ್ಷ್ಮದರ್ಶಕದಿಂದ ನೋಡುತ್ತಾರೆ. ವಿಟ್ರೇನ್ ಬಹುಮಟ್ಟಿಗೆ ಒಂದೇ ಸಮನಾದ ಬೂದುಬಣ್ಣವಾಗಿ ಕಾಣುತ್ತದೆ. ನಡುನಡುವೆ ನೆಟ್ಟನೆಯ ಸಣ್ಣ ಬಿರುಕುಗಳಿರುತ್ತವೆ. ಡ್ಯುರೇನಿನಲ್ಲಿ ಪ್ರಾಚೀನ ಸಸ್ಯಗಳ ಬೀಜಕಣಗಳೂ ಬೇರೆ ಬೇರೆ ಕಣಗಳೂ ಒತ್ತಾಗಿ ಹೆಣೆದುಕೊಂಡಿರುತ್ತವೆ. ಆದಕಾರಣ ಅದು ಸುಲಭವಾಗಿ ಸೀಳುವುದಿಲ್ಲ.

ಫ್ಯೂಸೇನಿನ ಸಂಗತಿ ಇನ್ನೂ ಸ್ವಾರಸ್ಯವಾದುದು. ಮರದ ಜೀವಕೋಶಗಳ ಗೋಡೆಗಳು ಅದರಲ್ಲಿ ಬೆಳ್ಳಗೆ, ಜೇನುಹುಟ್ಟಿನಂತೆ ಉಳಿದಿರುತ್ತವೆ. ಹಿಂದಿನ ಯುಗಗಳ ಕಾಡುಗಿಚ್ಚಿನಲ್ಲಿ ಬೆಂದ ಮರವೇ ಬಹುಪಾಲು ಹೀಗಾಯಿತೆಂಬುದು ವಿದ್ವಾಂಸರ ಅಭಿಪ್ರಾಯ. ವಜ್ರದ ಮೊನೆಯಿಂದ ಒತ್ತಿ ಪರೀಕ್ಷಿಸಿದರೆ ಆ ಗೋಡೆಗಳು ಗಡುಸಾದುವೇ. ಆದರೆ ಕೋಣೆಗಳು ಬರಿದು. ಒತ್ತಡ ಬಿದ್ದೊಡನೆ ಕುಸಿಯುತ್ತವೆ. ಅದೇ ಕೋಣೆಗಳಲ್ಲಿ ಖನಿಜ ತುಂಬಿಕೊಂಡಿದ್ದರೆ ಫ್ಯೂಸೇನ್ ಕೂಡ ಗಟ್ಟಿಯಾಗುತ್ತದೆ. ವಸ್ತುವಿನ ಬಲ ಅದರ ಗಡಸುತನವೊಂದರಲ್ಲೇ ಇಲ್ಲ, ಕಟ್ಟಡದಲ್ಲೂ ಇದೆಯೆಂಬುದಕ್ಕೆ ಇದು ನಿದರ್ಶನ.

ಇದು ಕೇವಲ ಕುತೂಹಲದ ವಿಷಯವಲ್ಲ. ಕಲ್ಲಿದ್ದಲು ಹೇಗೆ ಒಡೆಯುತ್ತದೆಂಬುದರ ಮೇಲೆ ಗಣಿಯಲ್ಲೇಳುವ ಧೂಳಿನ ಪ್ರಮಾಣ ನಿಂತಿದೆ. ಆ ಧೂಳು ಕೆಲಸಗಾರನ ಪುಪ್ಪುಸವನ್ನು ಕೆಡಿಸುತ್ತದೆ. ಗಾಳಿಯಲ್ಲಿ ದಟ್ಟವಾಗಿ ಹರಡಿರುವಾಗ ಕಿಡಿ ತಗುಲಿದರೆ ಸಿಡಿಯುತ್ತದೆ. 1906ರಲ್ಲಿ ಫ್ರಾನ್ಸಿನ ಕೂರಿಯೇರ್ ಗಣಿಯಲ್ಲಿ ಇಂಥ ಸ್ಫೋಟಕ್ಕೆ 1,099 ಮಂದಿ ಬಲಿಯಾದರು. ಈ ಕಾರಣದಿಂದಲೇ ಗಣಿಗಳಲ್ಲಿ ನೀರು ಚಿಮುಕಿಸುತ್ತಾರೆ, ಸುಣ್ಣಕಲ್ಲಿನ ಪುಡಿ ಎರಚುತ್ತಾರೆ.

ಗಣಿಯಲ್ಲಿ ಬೇಡವಾದ ಪುಡಿಯೇ ವಿದ್ಯುದಾಗಾರದಲ್ಲಿ ಬೇಕಾಗುತ್ತದೆ. ನಮ್ಮ ರಾಯಚೂರಿನ ಶಾಖೋತ್ಪನ್ನ ಕೇಂದ್ರದಲ್ಲಿ ಕಲ್ಲಿದ್ದಲನ್ನು ಹಿಟ್ಟಿನಂತೆ ಅರೆದು ಉರಿಸುತ್ತಾರೆ. ಗಟ್ಟಿ ಪಟ್ಟೆ ಹೆಚ್ಚಿದ್ದರೆ ಅರೆಯುವ ಯಂತ್ರ ಬೇಗ ಸವೆಯುತ್ತದೆ, ಖರ್ಚು ಏರುತ್ತದೆ. ನಿಮ್ಮ ಮನೆಯ ರೇಡಿಯೊ ನುಡಿಯುವಾಗ, ಅದರ ಹಿಂದೆ ಈ ಪಟ್ಟೆಗಳ ಲೆಕ್ಕವೂ ಇರುತ್ತದೆ.