ದೇಣಿಗೆಯ ಓಟ ಮತ್ತು ಸಂಶೋಧನೆಯ ರೂಪಾಯಿ: ಸ್ವಯಂಸೇವಕರ ದುಡಿಮೆಗೆ ಬೆಲೆ ಎಷ್ಟು?

ಹುಬ್ಬಳ್ಳಿಯ ದುರ್ಗದಬೈಲ್‌ನ ವರ್ತಕರಿಗೆ ವಂತಿಗೆ ಕೊಡುವುದು ಹೊಸದಲ್ಲ. ಗಣೇಶೋತ್ಸವದ ಪಟ್ಟಿ, ಜಾತ್ರೆಯ ಪಟ್ಟಿ, ಬಡ ರೋಗಿಯ ಶಸ್ತ್ರಚಿಕಿತ್ಸೆಗೆ ನೆರವು ಹೀಗೆ ವರ್ಷವಿಡೀ ಪಾವತಿ ಪುಸ್ತಕಗಳು ಗಲ್ಲೆಯ ಮುಂದೆ ಬರುತ್ತಲೇ ಇರುತ್ತವೆ. ಕೊಡುವ ಕೈ ಹಿಂದೆ ಸರಿಯುವುದಿಲ್ಲ. ಆದರೆ ಕೊಟ್ಟ ನೂರು ರೂಪಾಯಿಯಲ್ಲಿ ಉದ್ದೇಶಿತ ಕಾರ್ಯಕ್ಕೆ ತಲುಪುವುದೆಷ್ಟು, ದಾರಿಯಲ್ಲಿ ಖರ್ಚಾಗುವುದೆಷ್ಟು ಎಂಬ ಪ್ರಶ್ನೆಯನ್ನು ತನ್ನ ಅಂಗಡಿಯ ಸರಕಿನ ಬಗ್ಗೆ ದಿನವೂ ಕೇಳುವ ವ್ಯಾಪಾರಿ, ದೇಣಿಗೆಯ ಬಗ್ಗೆ ಅಪರೂಪಕ್ಕೆ ಕೇಳುತ್ತಾನೆ. ವೈದ್ಯಕೀಯ ಸಂಶೋಧನೆಗೆಂದು ಹಣ ಸಂಗ್ರಹಿಸುವ ಕ್ರೀಡಾ ಸಮಾರಂಭಗಳ ವಿಷಯದಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ವವಿದೆ. ಇದಕ್ಕೆ ಉತ್ತರ ಬಹುಮಟ್ಟಿಗೆ ಒಬ್ಬನೇ ವ್ಯಕ್ತಿಯ ಕೈಯಲ್ಲಿದೆ; ಅವನೇ ಸ್ವಯಂಸೇವಕ.

ಹಿಮದ ನಾಡಿನ ಪದ್ಧತಿ

ಅಮೆರಿಕ, ಕೆನಡಾ ಮತ್ತು ಯೂರೋಪಿನ ಶೀತಪ್ರದೇಶಗಳಲ್ಲಿ ಚಳಿಗಾಲ ಬಂತೆಂದರೆ ಸಹಾಯಾರ್ಥ ಸ್ಕೀಯಿಂಗ್ ಸಮಾರಂಭಗಳು ನಡೆಯುತ್ತವೆ. ಉದ್ದನೆಯ ಹಲಗೆಗಳನ್ನು ಪಾದಕ್ಕೆ ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಈ ಆಟದಲ್ಲಿ ಭಾಗವಹಿಸುವವರು ಮೊದಲೇ ಬಂಧುಮಿತ್ರರಿಂದ ವಾಗ್ದಾನ ಪಡೆದಿರುತ್ತಾರೆ. ಎಷ್ಟು ಸುತ್ತು ಜಾರಿದರೆ ಅಷ್ಟು ದೇಣಿಗೆ, ಅಥವಾ ಇಡೀ ದಿನಕ್ಕೆ ಇಂತಿಷ್ಟು ಎಂಬುದು ಕರಾರು. ಸಂಗ್ರಹವಾದ ಹಣ ಕ್ಯಾನ್ಸರ್, ನರರೋಗ, ಶ್ವಾಸಕೋಶದ ಕಾಯಿಲೆ ಮುಂತಾದವುಗಳ ಸಂಶೋಧನೆಗೆ ಹೋಗುತ್ತದೆ.

ಜಾರುವವರು ನೂರು ಜನರಿದ್ದರೆ ಅವರ ಹಿಂದೆ ಹತ್ತಾರು ಸ್ವಯಂಸೇವಕರಿರುತ್ತಾರೆ. ಹೆಸರು ನೋಂದಣಿ, ಎದೆಯ ಸಂಖ್ಯೆಯ ವಿತರಣೆ, ಸುತ್ತುಗಳ ಎಣಿಕೆ, ದಾರಿ ತೋರಿಸುವ ಬಾವುಟಗಳ ಕಾವಲು, ಬಿಸಿ ಪಾನೀಯದ ಮೇಜು, ಪ್ರಥಮ ಚಿಕಿತ್ಸೆ, ಸಂಜೆ ವಾಗ್ದಾನದ ಹಣದ ವಸೂಲಿ ಇವೆಲ್ಲ ಅವರ ಪಾಲಿನ ಕೆಲಸಗಳು.

ಅಮೆರಿಕದ ಜಿಮ್ಮಿ ಹ್ಯೂಗಾ ಅವರ ಹೆಸರು ಈ ಸಂದರ್ಭದಲ್ಲಿ ಸ್ಮರಣೀಯ. 1964ರ ಇನ್ಸ್‌ಬ್ರುಕ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ಕೀಯಿಂಗ್‌ನ ಕಂಚಿನ ಪದಕ ಗೆದ್ದ ಅವರಿಗೆ 1970ರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಇರುವುದು ಪತ್ತೆಯಾಯಿತು. ದೇಹಕ್ಕೆ ಶ್ರಮ ಕೊಡಬಾರದೆಂಬುದು ಆ ಕಾಲದ ವೈದ್ಯರ ಸಲಹೆ. ಹ್ಯೂಗಾ ಅದಕ್ಕೆ ವಿರುದ್ಧವಾಗಿ ಮಿತವಾದ ವ್ಯಾಯಾಮ ಆರಂಭಿಸಿ ಚೇತರಿಕೆ ಕಂಡರು. 1984ರಲ್ಲಿ ಕೊಲರಾಡೋದಲ್ಲಿ ತಮ್ಮ ಹೆಸರಿನ ಕೇಂದ್ರವೊಂದನ್ನು ತೆರೆದರು. ಅದರ ನಿಧಿಗಾಗಿ ಅನೇಕ ಹಿಮತಾಣಗಳಲ್ಲಿ ಸ್ಕೀಯಿಂಗ್ ಸಮಾರಂಭಗಳು ಜರುಗಿದವು. 2010ರಲ್ಲಿ ಅವರು ತೀರಿಕೊಂಡರು. ವ್ಯಾಯಾಮ ಈ ರೋಗಿಗಳಿಗೆ ಹಿತಕರವೆಂಬುದು ಇಂದು ವೈದ್ಯರು ಒಪ್ಪಿದ ಮಾತಾಗಿದೆ.

ಚಿಲ್ಲರೆ ನಾಣ್ಯದಿಂದ ಪೋಲಿಯೋ ಲಸಿಕೆಯವರೆಗೆ

ಸಾಮಾನ್ಯ ಜನರ ಸಣ್ಣ ದೇಣಿಗೆಯಿಂದ ದೊಡ್ಡ ಸಂಶೋಧನೆ ಸಾಧ್ಯವೇ ಎಂಬ ಸಂಶಯಕ್ಕೆ ಪೋಲಿಯೋ ಲಸಿಕೆಯ ಇತಿಹಾಸವೇ ಉತ್ತರ. 1938ರಲ್ಲಿ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಪೋಲಿಯೋ ವಿರುದ್ಧ ಒಂದು ರಾಷ್ಟ್ರೀಯ ಪ್ರತಿಷ್ಠಾನವನ್ನು ಸ್ಥಾಪಿಸಿದರು. ಪ್ರತಿಯೊಬ್ಬರೂ ಒಂದು ಡೈಮ್, ಅಂದರೆ ಡಾಲರಿನ ಹತ್ತನೆಯ ಒಂದು ಭಾಗದ ನಾಣ್ಯ, ಕಳುಹಿಸಬೇಕೆಂಬ ಕರೆಗೆ ಜನ ಮುಗಿಬಿದ್ದು ಸ್ಪಂದಿಸಿದರು. ಮುಂದೆ ತಾಯಂದಿರು ಸಂಜೆ ಹೊತ್ತು ಮನೆಮನೆಗೆ ಹೋಗಿ ಹಣ ಸಂಗ್ರಹಿಸಿದರು. ಈ ನಿಧಿಯ ನೆರವಿನಿಂದ ಜೋನಾಸ್ ಸಾಕ್ ಅವರ ಲಸಿಕೆ ಸಿದ್ಧವಾಯಿತು. 1954ರಲ್ಲಿ 18 ಲಕ್ಷಕ್ಕೂ ಹೆಚ್ಚು ಮಕ್ಕಳು ಭಾಗವಹಿಸಿದ ಬೃಹತ್ ಪರೀಕ್ಷೆ ನಡೆದು, 1955ರ ಏಪ್ರಿಲ್ 12ರಂದು ಲಸಿಕೆಯ ಯಶಸ್ಸು ಘೋಷಣೆಯಾಯಿತು. ಆ ಪರೀಕ್ಷೆಯಲ್ಲಿ ದಾಖಲೆ ಬರೆದವರು, ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿದವರು ಸಾವಿರಾರು ಮಂದಿ ಸ್ವಯಂಸೇವಕರೇ ಆಗಿದ್ದರು.

ಕೆನಡಾದ ಟೆರ್ರಿ ಫಾಕ್ಸ್ ಅವರ ಕಥೆಯಲ್ಲಿ ವಾಣಿಜ್ಯೋದ್ಯಮಿಗಳಿಗೆ ನೇರವಾದ ಪಾಠವಿದೆ. ಎಲುಬಿನ ಕ್ಯಾನ್ಸರಿನಿಂದ 1977ರಲ್ಲಿ ಬಲಗಾಲು ಕಳೆದುಕೊಂಡ ಈ ತರುಣ 1980ರ ಏಪ್ರಿಲ್‌ನಲ್ಲಿ ಕೃತಕ ಕಾಲಿನೊಡನೆ ದೇಶದ ಪೂರ್ವ ತೀರದಿಂದ ಓಟ ಆರಂಭಿಸಿದರು. 143 ದಿನಗಳಲ್ಲಿ 5,373 ಕಿಲೋಮೀಟರ್ ಕ್ರಮಿಸಿದ ಮೇಲೆ ರೋಗ ಶ್ವಾಸಕೋಶಕ್ಕೆ ಹಬ್ಬಿದ್ದರಿಂದ ನಿಲ್ಲಿಸಬೇಕಾಯಿತು. ಹೋಟೆಲ್ ಉದ್ಯಮಿ ಇಸಡೋರ್ ಶಾರ್ಪ್ ತಮ್ಮ ಕಂಪನಿಯಿಂದ ಮೈಲಿಗೆ 2 ಡಾಲರ್ ಕೊಡುವುದಾಗಿ ಸಾರಿ, ಇನ್ನೂ 999 ಕಂಪನಿಗಳು ಹೀಗೆಯೇ ಕೊಡಬೇಕೆಂದು ಕರೆ ನೀಡಿದ್ದರು. ಪ್ರತಿವರ್ಷ ಫಾಕ್ಸ್ ಹೆಸರಿನಲ್ಲಿ ಓಟ ನಡೆಸುವ ಯೋಜನೆಯೂ ಅವರದೇ. 1981ರ ಜೂನ್‌ನಲ್ಲಿ ಫಾಕ್ಸ್ ನಿಧನರಾದರು. ಅದೇ ಸೆಪ್ಟೆಂಬರಿನಲ್ಲಿ ಮೊದಲ ಓಟ ನಡೆಯಿತು. ತಮ್ಮ ಓಟದಿಂದ ಯಾವ ಕಂಪನಿಯೂ ಪ್ರಚಾರ ಪಡೆಯಬಾರದೆಂಬುದು ಫಾಕ್ಸ್ ಅವರ ಕಟ್ಟುನಿಟ್ಟಾದ ನಿಲುವಾಗಿತ್ತು. ಕೊಟ್ಟವರು ಕೊಟ್ಟರು, ಫಲಕ ಕೇಳಲಿಲ್ಲ. ಜನರ ವಿಶ್ವಾಸ ಇಷ್ಟು ವರ್ಷ ಉಳಿದುಬಂದಿರುವುದಕ್ಕೆ ಇದೂ ಒಂದು ಕಾರಣ.

ಉಳಿತಾಯದ ಗಣಿತ

ಸ್ವಯಂಸೇವೆಯ ಬೆಲೆ ತಿಳಿಯಲು ಕಾಲ್ಪನಿಕವಾದ ಒಂದು ಲೆಕ್ಕವನ್ನು ನೋಡಬಹುದು. 500 ಜನರು ತಲಾ 2,000 ರೂ. ದೇಣಿಗೆ ತಂದರೆ ಒಟ್ಟು ಸಂಗ್ರಹ 10 ಲಕ್ಷ ರೂ. ಎಲ್ಲ ಕೆಲಸವನ್ನೂ ಹಣ ಕೊಟ್ಟೇ ಮಾಡಿಸಿದಲ್ಲಿ ಪೆಂಡಾಲು, ಧ್ವನಿವರ್ಧಕಕ್ಕೆ 1 ಲಕ್ಷ, ನೋಂದಣಿ ಹಾಗೂ ದಾರಿಕಾವಲಿನ ಸಿಬ್ಬಂದಿಗೆ 2.5 ಲಕ್ಷ, ಅಂಗಿ ಮತ್ತು ಪದಕಗಳಿಗೆ 1.5 ಲಕ್ಷ, ಮುದ್ರಣ ಮತ್ತು ಪ್ರಚಾರಕ್ಕೆ 1 ಲಕ್ಷ, ಹೀಗೆ 6 ಲಕ್ಷ ಖರ್ಚಾಯಿತೆನ್ನೋಣ. ಸಂಶೋಧನೆಗೆ ಉಳಿಯುವುದು 4 ಲಕ್ಷ ಮಾತ್ರ.

ಸಿಬ್ಬಂದಿಯ ಜಾಗದಲ್ಲಿ ಸ್ವಯಂಸೇವಕರು ನಿಂತರೆ ಅವರ ಉಪಾಹಾರ, ತರಬೇತಿ, ವಿಮೆಗೆ 50 ಸಾವಿರ ಸಾಕು. ಅಂಗಿ ಮತ್ತು ಪದಕಗಳನ್ನು ತಯಾರಕರು ಲಾಭವಿಲ್ಲದೆ 75 ಸಾವಿರಕ್ಕೆ, ಮುದ್ರಣಾಲಯದವರು ಕಾಗದದ ಬೆಲೆಯಷ್ಟೇ ಪಡೆದು 50 ಸಾವಿರಕ್ಕೆ, ಪೆಂಡಾಲಿನವರು 75 ಸಾವಿರಕ್ಕೆ ಒದಗಿಸಿದರೆ ಒಟ್ಟು ಖರ್ಚು 2.5 ಲಕ್ಷಕ್ಕೆ ಇಳಿಯುತ್ತದೆ. ಸಂಶೋಧನೆಗೆ 7.5 ಲಕ್ಷ ಸಲ್ಲುತ್ತದೆ. ದೇಣಿಗೆದಾರರಿಂದ ಒಂದು ರೂಪಾಯಿಯನ್ನೂ ಹೆಚ್ಚು ಪಡೆಯದೆ ಫಲ ಹತ್ತಿರ ಹತ್ತಿರ ಇಮ್ಮಡಿಯಾಯಿತು. ಸ್ವಯಂಸೇವಕ ಸಮಾರಂಭದ ಅಲಂಕಾರವಲ್ಲ, ಅದರ ಲಾಭಾಂಶವೇ ಅವನು.

ಹಣ ಹೋಗಿ ಸೇರುವುದೆಲ್ಲಿ?

ಸಂಶೋಧನೆ ಎಂದೊಡನೆ ದೂರದ ಪ್ರಯೋಗಾಲಯ, ಕೋಟ್ಯಂತರ ರೂಪಾಯಿಯ ಯಂತ್ರ ಕಣ್ಣಮುಂದೆ ಬರುವುದು ಸಹಜ. ನೆರೆಯ ಬೆಳಗಾವಿಯ ಉದಾಹರಣೆ ಬೇರೆಯದೇ ಚಿತ್ರವನ್ನು ನೀಡುತ್ತದೆ. 1916ರಲ್ಲಿ ಏಳು ಮಂದಿ ಶಿಕ್ಷಕರು ಕಟ್ಟಿದ ಕೆಎಲ್ಇ ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು ಅಮೆರಿಕದ ವಿಜ್ಞಾನಿಗಳ ಸಹಯೋಗದಲ್ಲಿ 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಪರೀಕ್ಷೆ ನಡೆಸಿದರು. ಹೆರಿಗೆಯ ನಂತರದ ಅತಿ ರಕ್ತಸ್ರಾವವನ್ನು ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಮಾತ್ರೆ ತಡೆಯಬಲ್ಲದೇ ಎಂಬುದು ಪ್ರಶ್ನೆ. ಶೀತಪೆಟ್ಟಿಗೆಯ ಅಗತ್ಯವಿಲ್ಲದ ಈ ಮಾತ್ರೆಯನ್ನು ಸಹಾಯಕ ದಾದಿಯರೇ ಕೊಡಬಹುದಿತ್ತು. 1,620 ತಾಯಂದಿರ ಮೇಲಿನ ಈ ಅಧ್ಯಯನದಲ್ಲಿ ರಕ್ತಸ್ರಾವದ ಪ್ರಮಾಣ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉಪಯೋಗಕ್ಕಾಗಿ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಸಣ್ಣ ಕೈಗಾರಿಕೆಯವರು ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ರಕ್ತ ಎಷ್ಟು ಹೋಯಿತೆಂದು ಕಣ್ಣಂದಾಜಿನಲ್ಲಿ ಹೇಳಿದರೆ ತಪ್ಪಾಗುತ್ತದೆ. ಆದ್ದರಿಂದ ಅಳತೆಯ ಗೆರೆಗಳುಳ್ಳ ಚೀಲವನ್ನು ಹೊಂದಿದ ಪ್ಲಾಸ್ಟಿಕ್ ಹಾಳೆಯೊಂದನ್ನು ಈ ಅಧ್ಯಯನದಲ್ಲಿ ಬಳಸಲಾಯಿತು. ಸಾಮಾನ್ಯ ಪ್ಲಾಸ್ಟಿಕ್ ಕಾರ್ಖಾನೆಯೊಂದು ತಯಾರಿಸಬಹುದಾದ ವಸ್ತು ಅದು. ಇಂಥದೇ ಅಳತೆಯ ಹಾಳೆಯನ್ನು ಒಳಗೊಂಡ ಚಿಕಿತ್ಸಾಕ್ರಮವನ್ನು ಆಫ್ರಿಕಾದ ನಾಲ್ಕು ದೇಶಗಳಲ್ಲಿ ಪರೀಕ್ಷಿಸಿದಾಗ ತೀವ್ರ ರಕ್ತಸ್ರಾವ ಮತ್ತು ಅದರ ದುಷ್ಪರಿಣಾಮಗಳು ಶೇ. 60ರಷ್ಟು ಕಡಿಮೆಯಾದವೆಂದು 2023ರಲ್ಲಿ ವರದಿಯಾಯಿತು. ಬೆಳಗಾವಿಯ ಅಧ್ಯಯನಕ್ಕೆ ಹಣ ಬಂದದ್ದು ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಮತ್ತು ಗೇಟ್ಸ್ ಪ್ರತಿಷ್ಠಾನದಿಂದ. ನಮ್ಮ ಜಿಲ್ಲೆಗಳ ತಾಯಂದಿರ ಪ್ರಶ್ನೆಗೆ ನಮ್ಮ ಪೇಟೆಗಳ ಹಣವೂ ಸೇರಬಹುದಲ್ಲವೇ ಎಂಬುದು ಯೋಚಿಸಬೇಕಾದ ಮಾತು.

ದೇಣಿಗೆದಾರರು ಇನ್ನೊಂದು ವಿಷಯವನ್ನೂ ಮೊದಲೇ ಅರಿತಿರಬೇಕು. ಸಂಶೋಧನೆ ಪ್ರತಿಬಾರಿಯೂ ಔಷಧವನ್ನೇ ಕೊಡುವುದಿಲ್ಲ. 2020ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 39 ಆಸ್ಪತ್ರೆಗಳ 464 ಕೋವಿಡ್ ರೋಗಿಗಳಲ್ಲಿ ಪ್ಲಾಸ್ಮಾ ಚಿಕಿತ್ಸೆಯನ್ನು ಪರೀಕ್ಷಿಸಿ, ಅದರಿಂದ ಸಾವು ತಗ್ಗಲಿಲ್ಲವೆಂದು ತಿಳಿಸಿತು. ಇದು ವ್ಯರ್ಥ ಖರ್ಚಲ್ಲ; ಫಲವಿಲ್ಲದ ಚಿಕಿತ್ಸೆಗೆ ಜನ ಹಣ ಸುರಿಯುವುದನ್ನು ತಪ್ಪಿಸಿದ ಖರ್ಚು.

ಪಾವತಿ ಮತ್ತು ತೆರಿಗೆ

ದೇಣಿಗೆಯ ಉತ್ಸಾಹದಲ್ಲಿ ಕಾನೂನನ್ನು ಮರೆಯಲಾಗದು. 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಮು ಮತ್ತು ಸಂಶೋಧನಾ ಸಂಸ್ಥೆಗಳಿಗೆ ಸಂಬಂಧಿಸಿದ 35ನೆಯ ಕಲಮಿನಡಿ ರೂಢಿಗೆ ಬಂದ ಕ್ರಮಗಳು ವರ್ತಕರಿಗೆ ಪರಿಚಿತ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರೂಪಿತವಾಗಿದ್ದು, ಅದರಲ್ಲಿ ಕಲಮುಗಳ ಸಂಖ್ಯೆ ಬದಲಾಗಿರುವುದರಿಂದ ಲೆಕ್ಕಪರಿಶೋಧಕರ ಸಲಹೆ ಅಗತ್ಯ. ವಿಶೇಷವಾಗಿ ಗಮನಿಸಬೇಕಾದ ಅಂಶಗಳು ಹೀಗಿವೆ:

1. 80ಜಿ ಅಡಿ 2,000 ರೂ. ಮೀರಿದ ನಗದು ದೇಣಿಗೆಗೆ ರಿಯಾಯಿತಿ ದೊರೆಯದು. ಚೆಕ್ ಅಥವಾ ಬ್ಯಾಂಕ್ ಮೂಲಕ ಕೊಡುವುದೇ ಕ್ಷೇಮ.

2. ನೀರಿನ ಬಾಟಲಿ, ಬಟ್ಟೆ, ಹಣ್ಣು ಮುಂತಾಗಿ ವಸ್ತುರೂಪದಲ್ಲಿ ಕೊಟ್ಟದ್ದಕ್ಕೂ, ಸ್ವಯಂಸೇವೆಯ ಸಮಯಕ್ಕೂ 80ಜಿ ರಿಯಾಯಿತಿ ಇಲ್ಲ.

3. ಓಟದ ಪ್ರವೇಶ ಶುಲ್ಕವೇ ಬೇರೆ, ದೇಣಿಗೆಯೇ ಬೇರೆ. ಅಂಗಿ, ಪದಕ, ಉಪಾಹಾರಕ್ಕೆ ಪ್ರತಿಯಾಗಿ ಕೊಟ್ಟ ಹಣವನ್ನು ದೇಣಿಗೆಯೆಂದು ತೋರಿಸಬಾರದು. ಎರಡಕ್ಕೂ ಪ್ರತ್ಯೇಕ ಪಾವತಿ ಇರಲಿ.

4. 2021-22ರ ಆರ್ಥಿಕ ವರ್ಷದಿಂದ ದೇಣಿಗೆ ಪಡೆದ ಸಂಸ್ಥೆ ತೆರಿಗೆ ಇಲಾಖೆಗೆ ವಿವರ ಸಲ್ಲಿಸಿ, ದೇಣಿಗೆದಾರನಿಗೆ ಪ್ರಮಾಣಪತ್ರ ಕೊಡುವ ಕ್ರಮ ಜಾರಿಗೆ ಬಂತು. ಬರೀ ಪಾವತಿ ಚೀಟಿಯನ್ನು ನಂಬಿ ಕೂರಬಾರದು.

5. ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡ ವ್ಯಕ್ತಿಗಳಿಗೆ 80ಜಿ ರಿಯಾಯಿತಿ ಲಭ್ಯವಿಲ್ಲ.

2013ರ ಕಂಪನಿ ಕಾಯ್ದೆಯ ಸಾಮಾಜಿಕ ಹೊಣೆಗಾರಿಕೆಯ ನಿಯಮ ದೊಡ್ಡ ಕಂಪನಿಗಳಿಗಷ್ಟೇ ಕಡ್ಡಾಯ. ಅಂಥ ಕಂಪನಿಗಳೂ ತಮ್ಮ ಸರಕಿನ ಪ್ರಚಾರಕ್ಕಾಗಿ ನೀಡಿದ ಪ್ರಾಯೋಜಕತ್ವವನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ.

ದುರ್ಗದಬೈಲ್‌ನ ವರ್ತಕ ಏನು ಮಾಡಬಹುದು?

ಹುಬ್ಬಳ್ಳಿಯಲ್ಲಿ ಹಿಮ ಬೀಳುವುದಿಲ್ಲ. ಆದರೆ ಅಂಗಡಿಗಳ ಬಾಗಿಲು ತೆರೆಯುವ ಮುನ್ನ, ಭಾನುವಾರದ ನಸುಕಿನಲ್ಲಿ ದುರ್ಗದಬೈಲ್‌ನಿಂದ ಉಣಕಲ್ ಕೆರೆಯವರೆಗೆ ಒಂದು ಸಹಾಯಾರ್ಥ ನಡಿಗೆಯನ್ನು ಏರ್ಪಡಿಸಲು ಹಿಮ ಬೇಕಾಗಿಲ್ಲ. ಪೊಲೀಸ್ ಮತ್ತು ಮಹಾನಗರ ಪಾಲಿಕೆಯ ಅನುಮತಿ, ಆಂಬುಲೆನ್ಸ್ ಮತ್ತು ಶಿಸ್ತಿನ ಸ್ವಯಂಸೇವಕರು ಬೇಕು. ಹಬ್ಬದ ದಿನಗಳ ಜನಸಂದಣಿಯಲ್ಲಿ ನೂರಾರು ಗಿರಾಕಿಗಳನ್ನು ಗೊಂದಲವಿಲ್ಲದೆ ನಿಭಾಯಿಸುವ ಅಂಗಡಿಯ ಹುಡುಗರಿಗೆ ನೋಂದಣಿಯ ಮೇಜು ಕಷ್ಟವಾಗದು. ದಾಸ್ತಾನು ಬಲ್ಲವನು ನೀರು, ಹಣ್ಣುಗಳ ಹೊಣೆ ಹೊರಲಿ. ರೋಕಡ ಬರೆಯುವ ಗುಮಾಸ್ತ ದೇಣಿಗೆಯ ಲೆಕ್ಕ ಇಡಲಿ. ಎಣಿಸುವವನು ಒಬ್ಬ, ಬರೆಯುವವನು ಇನ್ನೊಬ್ಬ, ಬ್ಯಾಂಕಿಗೆ ಕಟ್ಟುವವನು ಮತ್ತೊಬ್ಬ ಎಂಬ ಪೇಟೆಯ ಹಳೆಯ ಕಟ್ಟಳೆಯನ್ನು ಇಲ್ಲಿಯೂ ಪಾಲಿಸಬೇಕು.

ಹಣ ಯಾವ ಸಂಸ್ಥೆಯ ಯಾವ ಅಧ್ಯಯನಕ್ಕೆ ಎಂಬುದು ಕರಪತ್ರ ಅಚ್ಚಾಗುವ ಮೊದಲೇ ಲಿಖಿತವಾಗಿ ಗೊತ್ತಾಗಿರಬೇಕು. 1957ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ, ಜನರು ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು, ನವನಗರದ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ ಅವಳಿನಗರದಲ್ಲಿಯೇ ಇವೆ. ಯಾವುದೇ ಸಂಸ್ಥೆಯಾಗಲಿ, ಅಧ್ಯಯನಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಇದೆಯೇ, ಹಣ ಪ್ರತ್ಯೇಕ ಖಾತೆಯಲ್ಲಿ ಇರುವುದೇ, ವರ್ಷದ ಕೊನೆಗೆ ವರದಿ ಬರುವುದೇ ಎಂಬ ಮೂರು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಫಲಿತಾಂಶ ಹೀಗೆಯೇ ಬರಬೇಕೆಂದು ಮಾತ್ರ ಕೇಳಬಾರದು.

ಸಮಾರಂಭ ಮುಗಿದ ವಾರದೊಳಗೆ ಒಟ್ಟು ಸಂಗ್ರಹ, ಬಾಬುವಾರು ಖರ್ಚು, ಸಂಸ್ಥೆಗೆ ಸಂದಾಯವಾದ ಮೊತ್ತ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಪೇಟೆಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು. ಒಮ್ಮೆ ಲೆಕ್ಕ ಕೊಡದ ಪಟ್ಟಿಗೆ ಮರುವರ್ಷ ಪೇಟೆ ಕೈ ಬಿಚ್ಚುವುದಿಲ್ಲ. ಲೆಕ್ಕ ತೋರಿಸಿದವನಿಗೆ ಕೇಳುವ ಮೊದಲೇ ಕೊಡುತ್ತದೆ. ಪ್ರಾಮಾಣಿಕ ವ್ಯಾಪಾರಿಗೆ ಉದ್ರಿ ಹುಟ್ಟುವುದೂ, ಪ್ರಾಮಾಣಿಕ ದೇಣಿಗೆ ಸಂಗ್ರಹಕ್ಕೆ ವಿಶ್ವಾಸ ಹುಟ್ಟುವುದೂ ಒಂದೇ ಬಗೆಯಲ್ಲಿ. ಆ ವಿಶ್ವಾಸವನ್ನು ಗಳಿಸಿಕೊಡುವವನು ನಸುಕಿನಲ್ಲಿ ಎದ್ದು ಬಂದು, ಕೂಲಿ ಪಡೆಯದೆ ದುಡಿದು, ಕೊನೆಯ ರೂಪಾಯಿಯವರೆಗೂ ಲೆಕ್ಕ ಒಪ್ಪಿಸುವ ಸ್ವಯಂಸೇವಕ.